ಅರ್ಧ ಗುಳಿಗೆಯ ಲೆಕ್ಕ

(ಬಿ.ಸಿ. ರೋಡಿನಲ್ಲಿ ಬೀಡಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರನಲ್ಲ. ಕೆಲವು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸಿದವನು. ಇಂದು ನಿಮ್ಮ ಮುಂದಿಡುವುದೂ ಒಂದು ಲೆಕ್ಕವನ್ನೇ.

ನನ್ನ ತಾಯಿ ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು. ಪ್ರೆಶರಿಗೆ ದಿನಕ್ಕೊಂದು ಗುಳಿಗೆ ತಪ್ಪದೆ ನುಂಗಬೇಕೆಂದು ಡಾಕ್ಟರರು ಹೇಳಿದ್ದರು. ಹತ್ತು ದಿನದ ಗುಳಿಗೆಯನ್ನು ಅವಳು ಇಪ್ಪತ್ತು ದಿನ ಬರಿಸುತ್ತಿದ್ದಳು. ಒಂದು ದಿನ ಉಂಟು, ಒಂದು ದಿನ ಇಲ್ಲ. ಕೇಳಿದರೆ, "ತಲೆ ತಿರುಗುವುದಿಲ್ಲ ಮಗಾ, ಮತ್ತೆ ದಿನಾ ಯಾಕೆ?" ಎನ್ನುತ್ತಿದ್ದಳು. ಒಂದು ಸಂಜೆ ಸೂಪಿನ ಮುಂದೆ ಕುಳಿತಲ್ಲೇ ಅವಳ ಬಲಗೈ ಜಾರಿ ಬಿತ್ತು. ಪಕ್ಷವಾತ! ದಿನಕ್ಕೆ ಸಾವಿರ ಬೀಡಿ ಸುತ್ತಿದ ಕೈಗೆ ಗಂಜಿಯ ಚಮಚ ಹಿಡಿಯಲಾಗಲಿಲ್ಲ.

"ತಿಳುವಳಿಕೆ ಇಲ್ಲದ ಜನ" ಎಂದು ಆಸ್ಪತ್ರೆಯಲ್ಲಿ ಒಬ್ಬರು ಗದರಿದರು. ನನ್ನ ತಾಯಿಗೆ ತಿಳುವಳಿಕೆ ಇತ್ತು. ಅಕ್ಕಿಗೆಷ್ಟು, ಮಗನ ಪುಸ್ತಕಕ್ಕೆಷ್ಟು, ಬಸ್ಸಿಗೆಷ್ಟು ಎಂದು ಮಜೂರಿಯನ್ನು ಪಾಲು ಮಾಡಿದಾಗ ಗುಳಿಗೆಗೆ ಅರ್ಧವೇ ಉಳಿಯುತ್ತಿತ್ತು.

ಬಂಟ್ವಾಳದಿಂದ ಬೆಳ್ತಂಗಡಿಗೆ, ಮೂಡಬಿದಿರೆಗೆ ಹೋಗಿ ಯಾವ ಬೀಡಿ ಮನೆಯ ಮಾಡದಲ್ಲಿ ನೋಡಿದರೂ ಒಂದು ಡಬ್ಬಿ ಇರುತ್ತದೆ. ಅದರಲ್ಲಿ ಕಳೆದ ಮಳೆಗಾಲದ ಜ್ವರದಲ್ಲಿ ಉಳಿದ ಎರಡು ಗುಳಿಗೆ. ಕತ್ತರಿಯಲ್ಲಿ ತುಂಡರಿಸಿ ಕೊಟ್ಟ, ಹೆಸರೂ ತಾರೀಕೂ ಇಲ್ಲದ ಚೂರು. ನೆರೆಮನೆಯ ಅಕ್ಕ ಕೊಟ್ಟ ಮುಲಾಮು. ಈ ಡಬ್ಬಿಯ ಬಗ್ಗೆ ಮೂರು ಮಾತು ನೆನಪಿಡಿ. ಪ್ರೆಶರ್, ಶುಗರ್ ನೋಯುವುದಿಲ್ಲ. ನೋವಿಲ್ಲವೆಂದು ಗುಳಿಗೆ ಬಿಡಬಾರದು. ಕ್ಷಯಕ್ಕೆ ಸರಕಾರವೇ ಉಚಿತವಾಗಿ ಮದ್ದು ಕೊಡುತ್ತದೆ. ಸಾಮಾನ್ಯವಾಗಿ 6 ತಿಂಗಳು. ಕೆಮ್ಮು ನಿಂತಿತೆಂದು ಎರಡೇ ತಿಂಗಳಿಗೆ ಬಿಟ್ಟರೆ ಉಳಿದ ರೋಗಾಣು ಮದ್ದಿಗೆ ಬಗ್ಗದೆ ಬೆಳೆಯುತ್ತದೆ. ಶೀತಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ನುಂಗಬಾರದು.

ಇಷ್ಟು ನಮ್ಮ ಕೈಯಲ್ಲಿದೆ. ಉಳಿದದ್ದು ಬೆಲೆಯ ಮಾತು.

ಗುಳಿಗೆಯ ಹಾಳೆಯಲ್ಲಿ ಎರಡು ಹೆಸರಿರುತ್ತದೆ. ಒಂದು ಕಂಪೆನಿ ಇಟ್ಟ ಹೆಸರು, ಇನ್ನೊಂದು ಮದ್ದಿನ ಮೂಲ ಹೆಸರು. ರೋಗಕ್ಕೆ ಬೇಕಾದದ್ದು ಮೂಲ ಹೆಸರಿನದ್ದು. ನಾವು ಹಣ ತೆರುವುದು ಕಂಪೆನಿ ಇಟ್ಟ ಹೆಸರಿಗೆ. ಹಿಂದೆ ಬೆಲೆಮಿತಿ ಹಾಕುವಾಗ ತಯಾರಿಕೆಯ ಖರ್ಚು ನೋಡುತ್ತಿದ್ದರು. 2013ರ ಆಜ್ಞೆಯ ನಂತರ, ಮಾರುಕಟ್ಟೆಯಲ್ಲಿ ನೂರಕ್ಕೆ 1ಕ್ಕಿಂತ ಕಡಮೆಯಿಲ್ಲದ ಪಾಲುಳ್ಳವರ ಬೆಲೆಗಳ ಸರಾಸರಿ ತೆಗೆದು, ಅಂಗಡಿಯವರಿಗೆ ನೂರಕ್ಕೆ 16 ಸೇರಿಸುತ್ತಾರೆ. ಮಾರುವವರೇ ಇಟ್ಟ ಬೆಲೆಯ ಸರಾಸರಿಯೇ ಮಿತಿ! ಅದೂ ಪಟ್ಟಿಯಲ್ಲಿರುವ ಮದ್ದುಗಳಿಗೆ ಮಾತ್ರ. ಪಟ್ಟಿಯ ಹೊರಗಿನವಕ್ಕೆ ವರ್ಷಕ್ಕೆ ನೂರಕ್ಕೆ 10ರ ತನಕ ಏರಿಸಬಹುದು. ನಮ್ಮ ಮಜೂರಿ ಹಾಗೆ ಏರುತ್ತದೆಯೇ?

ಬೆಲೆ ಇಳಿಸಲು ಸಾಧ್ಯವಿಲ್ಲವೆಂಬುದು ಸುಳ್ಳು. 1970ರ ಪೇಟೆಂಟ್ ಕಾಯಿದೆ ಮದ್ದಿನ ಮೇಲೆ ಯಾರಿಗೂ ಏಕಸ್ವಾಮ್ಯ ಕೊಡಲಿಲ್ಲ; ಬೇರೆ ವಿಧಾನದಲ್ಲಿ ಯಾರೂ ತಯಾರಿಸಬಹುದಿತ್ತು. ಅದರ ಫಲವಾಗಿ 2001ರಲ್ಲಿ ಭಾರತದ ಸಿಪ್ಲಾ, ಪರದೇಶದ ಕಂಪೆನಿಗಳು ವರ್ಷಕ್ಕೆ 10,000 ಡಾಲರಿಗೂ ಮಿಕ್ಕಿ ಮಾರುತ್ತಿದ್ದ ಏಡ್ಸ್ ಮದ್ದನ್ನು 350 ಡಾಲರಿಗೆ ಕೊಡಲು ಮುಂದೆ ಬಂತು. 2005ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಕರಾರಿನಂತೆ ಆ ಏಕಸ್ವಾಮ್ಯ ಮರಳಿ ಬಂತು. ಆದರೂ ದಾರಿ ಮುಚ್ಚಿಲ್ಲ. ತಮಿಳುನಾಡು 1994ರಲ್ಲೇ ನಿಗಮ ಕಟ್ಟಿ, ಮೂಲ ಹೆಸರಿನ ಮದ್ದನ್ನು ಸಗಟಾಗಿ ಕೊಂಡು ಸರಕಾರಿ ಆಸ್ಪತ್ರೆಗಳಿಗೆ ಹಂಚಿತು. ರಾಜಸ್ಥಾನ 2011ರಲ್ಲಿ ಅದೇ ಹಾದಿ ಹಿಡಿಯಿತು.

ನಮ್ಮಲ್ಲೇನು? 1976ರ ಕಾಯಿದೆಯಂತೆ ಬೀಡಿಯ ಮೇಲೆ ಸೆಸ್ ಎತ್ತಿ, ಆ ನಿಧಿಯಿಂದ ಬೀಡಿ ಕಾರ್ಮಿಕರಿಗೆ ಔಷಧಾಲಯ ನಡೆಸುತ್ತಿದ್ದರು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಸೆಸ್ ಹೋಯಿತು. ಅಂದಿನಿಂದ ದೆಹಲಿಯ ಬಜೆಟಿನಲ್ಲಿ ಕೊಟ್ಟದ್ದೇ ಗತಿ. 2025ರ ಮೇಯಲ್ಲಿ ರಾಜ್ಯ ಸರಕಾರ, ಆಸ್ಪತ್ರೆಯಲ್ಲಿ ಮದ್ದು ಉಚಿತವಿದೆಯೆಂದು ಹೇಳಿ, ಸರಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಅಂಗಡಿಗಳನ್ನು ಮುಚ್ಚಲು ಆಜ್ಞೆ ಮಾಡಿತು. ಆ ವಿಚಾರ ಹೈಕೋರ್ಟಿಗೆ ಹೋಯಿತು. ಉಚಿತವೆಂಬ ಮಾತಿಗೆ ನಮ್ಮ ತಕರಾರಿಲ್ಲ. ಹಾಗಾದರೆ ಆಸ್ಪತ್ರೆಯ ಕಪಾಟಿನಲ್ಲಿ ಗುಳಿಗೆ ಇರಬೇಕು!

ಆದುದರಿಂದ ನಾವು ಕೇಳುವುದು ಇಷ್ಟು. ಪ್ರೆಶರ್, ಶುಗರ್ ಗುಳಿಗೆಯನ್ನು ಒಮ್ಮೆಗೆ 30 ದಿನಕ್ಕೆ ಕೊಡಲಿ. ವಾರಕ್ಕೊಮ್ಮೆ ಬಸ್ಸು ಹತ್ತಿದರೆ ಅಂದಿನ ಬೀಡಿಯ ಮಜೂರಿಯೂ ಹೋಗುತ್ತದೆ. ಯಾವ ಮದ್ದು ಉಂಟು, ಯಾವುದು ಇಲ್ಲ ಎಂದು ಕನ್ನಡದಲ್ಲಿ ಬೋರ್ಡು ಹಾಕಲಿ. ಇಲ್ಲದಿದ್ದರೆ 'ಇಲ್ಲ'ವೆಂದು ಚೀಟಿ ಬರೆದು ಕೊಡಲಿ. ಮದ್ದಿನ ಮೂಲ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು ವೈದ್ಯರ ನಿಯಮಗಳಲ್ಲೇ 2016ರಲ್ಲಿ ಸೇರಿಸಿದ್ದಾರೆ. ಅದನ್ನು ವಿನಯದಿಂದ ಕೇಳಿ, ಅಂಜಬೇಡಿ.

ಒಬ್ಬಳು ಅಮ್ಮ ಹೋಗಿ ಕೇಳಿದರೆ "ನಾಳೆ ಬನ್ನಿ" ಎನ್ನುತ್ತಾರೆ. ಐವತ್ತು ಮಂದಿ ಐವತ್ತು ಚೀಟಿ ಹಿಡಿದು ತಾಲೂಕು ಆಫೀಸಿಗೆ ಹೋದರೆ ಹಾಗೆ ಹೇಳಲಾಗದು. ಬರುವ ಸೋಮವಾರದಿಂದಲೇ ಚೀಟಿ ಕೂಡಿಸಲು ತೊಡಗೋಣ.

ನನ್ನ ತಾಯಿ ಈಗ ಎಡಗೈಯಲ್ಲಿ ಉಣ್ಣುತ್ತಾಳೆ. ಗುಳಿಗೆ ದಿನಾ ನುಂಗುತ್ತಾಳೆ. ಆ ಕೈ ಹೋಗುವ ಮೊದಲೇ ಅದು ಸಿಗಬೇಕಿತ್ತು. ನಿಮ್ಮ ಮನೆಗಳಲ್ಲಿ ಇನ್ನೂ ಹೊತ್ತು ಮೀರಿಲ್ಲ.