ಕರಿನೀರಿಗೆ ಹೋಗಿಬಂದದ್ದು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ಸಭೆಯಲ್ಲಿ ಶಿಕ್ಷಣ, ನೌಕರಿ, ದುಶ್ಚಟ ಈ ಮೂರರ ಮ್ಯಾಲ ಭಾಷಣ ಆಗತಾವ. ಈ ಸಲ ಸಂಘದ ಹುಡುಗರು ನನ್ನ ಮನಿಗೆ ಬಂದು, "ಕಾಕಾ, ನೀವು ಮನಿಮಂದಿ ಕೂಡಿ ಅಂಡಮಾನಕ್ಕ ಹೋಗಿಬಂದೀರಲ್ಲ, ಅದನ್ನ ಹೇಳ್ರಿ" ಅಂದರು. ನಾನು ನಕ್ಕೆ. ಸೂಟಿಯಲ್ಲಿ ತಿರುಗಾಡಿ ಬಂದದ್ದು ಭಾಷಣದ ವಿಷಯ ಏನ್ರೋ ಅಂದೆ. ಅವರಲ್ಲೊಬ್ಬ ಕೇಳಿದ, "ನಮ್ಮ ಓಣಿಯಾಗ ಇಲ್ಲೀತನಕ ಸುಮ್ಮನ ನೋಡಾಕ ಅಂತ ಯಾರರೆ ಎಲ್ಲಿಗರೆ ಹೋಗ್ಯಾರೇನ್ರಿ?" ಆ ರಾತ್ರಿ ವಿಚಾರ ಮಾಡಿದೆ. ಒಂದು ಹೆಸರೂ ಹೊಳೀಲಿಲ್ಲ.

ನಮ್ಮ ಮಂದಿ ಊರು ಬಿಟ್ಟಿಲ್ಲ ಅಂತಲ್ಲ. ಈ ಅಕ್ಕಲಕೋಟ ತಾಲೂಕಿನಿಂದ ಕಬ್ಬು ಕಡಿಯಾಕ ಹೋದವರಿದ್ದಾರೆ, ಪುಣೆ-ಮುಂಬೈಯ ಕಟ್ಟಡ ಕೆಲಸಕ್ಕೆ ಹೋದವರಿದ್ದಾರೆ. ದಸರೆಗೆ ನಾಗಪುರದ ದೀಕ್ಷಾಭೂಮಿಗೆ ಹೋಗತೀವಿ, 1 ಜನವರಿಗೆ ಭೀಮಾ ಕೋರೆಗಾಂವಕ್ಕ ಹೋಗತೀವಿ, 6 ಡಿಸೆಂಬರಕ್ಕ ದಾದರಿನ ಚೈತ್ಯಭೂಮಿಗೆ ಹೋಗತೀವಿ. ಒಂದು ಹೊಟ್ಟಿಗಾಗಿ ಹೋಗೂದು, ಇನ್ನೊಂದು ಬಾಬಾಸಾಹೇಬರಿಗಾಗಿ ಹೋಗೂದು. ನಮಗಾಗಿ ನಾವು ಹೋದದ್ದಿಲ್ಲ. ನನ್ನ ಅವ್ವ ಹತ್ತು ವರ್ಷ ಕಬ್ಬಿನ ಟೋಳಿಯಲ್ಲಿ ಹೋದಾಕಿ. ಆಕೆಗೆ ಪ್ರಯಾಣ ಅಂದರೆ ಗಂಟು ಕಟ್ಟೂದು, ಇಳಿದ ಕೂಡಲೇ ಒಲಿ ಹೂಡೂದು.

ಮೊದಲು ರೊಕ್ಕದ ಮಾತು ಮುಗಿಸಿಬಿಡತೀನಿ, ಯಾಕಂದರೆ "ನಿಮ್ಮದು ಸರ್ಕಾರಿ ನೌಕರಿ, ನಿಮಗ ಆಗತದ" ಅಂತ ಹಿಂದ ಯಾರೋ ಅನ್ನಲಿಕ್ಕೆ ಹತ್ಯಾರ. ಖರೆ ಅದ. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ನಮಗೆ ಎಲ್‌ಟಿಸಿ ಅಂತ ಒಂದು ಸೌಲಭ್ಯ ಅದ. ಸ್ವಂತ ಊರಿಗೆ ಹೋಗುವ ಎಲ್‌ಟಿಸಿಯನ್ನು ಬದಲಿಸಿ ಅಂಡಮಾನಕ್ಕೆ ಹೋಗಲು ಬಳಸಬಹುದು. ವಿಮಾನದ ಹಕ್ಕಿಲ್ಲದ ಸಣ್ಣ ನೌಕರರೂ ಚೆನ್ನೈ ಅಥವಾ ಕೊಲ್ಕತ್ತಾದಿಂದ ಅಲ್ಲಿಗೆ ವಿಮಾನದಲ್ಲಿ ಹೋಗಬಹುದು. ನಮ್ಮ ಮೇಲೆ ಅವಲಂಬಿತರಾದ ತಾಯಿ-ತಂದೆಯನ್ನೂ ಕರಕೊಂಡು ಹೋಗಬಹುದು. ಹೊರಡುವಾಗ 10 ದಿನದ ಗಳಿಕೆ ರಜೆಯನ್ನು ನಗದು ಮಾಡಿಕೊಳ್ಳಲಿಕ್ಕೂ ಅವಕಾಶ ಅದ. ಇಪ್ಪತ್ತೆರಡು ವರ್ಷ ನೌಕರಿ ಮಾಡಿದೆ, ಒಮ್ಮೆಯೂ ಅರ್ಜಿ ಹಾಕಿರಲಿಲ್ಲ. ಬ್ಯಾರೆಯವರ ಬಿಲ್ಲು ಪಾಸು ಮಾಡಿದೆ, ನನ್ನದು ಬರೀಲಿಲ್ಲ. ಅರ್ಜಿ ಕೊಟ್ಟ ದಿನ ಕಚೇರಿಯಲ್ಲೊಬ್ಬರು, "ನಿಮಗೂ ಅಂಡಮಾನೇನು?" ಅಂದರು. ಆ 'ನಿಮಗೂ'ದ ಊ ಅಕ್ಷರ ಎಷ್ಟು ಉದ್ದ ಇತ್ತು ಅಂತ ನಿಮಗೆಲ್ಲ ಗೊತ್ತದ.

ಎಲ್‌ಟಿಸಿ ಕೊಡೂದು ಪ್ರಯಾಣದ ಖರ್ಚು ಮಾತ್ರ, ಇರುವ ಉಣ್ಣುವ ಖರ್ಚು ನಮ್ಮದೇ. ಅದಕ್ಕಾಗಿ ಮೂರು ರಾತ್ರಿ ಪೇಟೆಯ ಸಾದಾ ಲಾಜು, ಎರಡೇ ರಾತ್ರಿ ದ್ವೀಪದ ರಿಸಾರ್ಟು ಅಂತ ಲೆಕ್ಕ ಹಾಕಿದೆ. ರಿಸಾರ್ಟಿನ ದರ ಹೇಳಿದರೆ ಅವ್ವ ಬರೂದಿಲ್ಲ ಅಂತ ಸುಳ್ಳು ಹೇಳಿದೆ. ಆಕೆಗೆ ಇವತ್ತು, ಈ ಮೈಕಿನಲ್ಲಿ, ಮೊದಲನೇ ಸಲ ಗೊತ್ತಾಗಲಿಕ್ಕೆ ಹತ್ಯದ. ಅವ್ವಾ, ಒಂದು ರಾತ್ರಿಗೆ 8,000.

ದೀಪಾವಳಿ ಸೂಟಿಯಲ್ಲಿ ಸೋಲಾಪುರದಿಂದ ಚೆನ್ನೈಗೆ ರೈಲು, ಅಲ್ಲಿಂದ ಸುಮಾರು ಎರಡು ತಾಸಿನ ವಿಮಾನ. ಪೋರ್ಟ್ ಬ್ಲೇರಿಗೆ ಈಗ ಶ್ರೀ ವಿಜಯಪುರಂ ಅಂತ ಹೆಸರಿಟ್ಟಾರ. ನಮ್ಮ ಅಜ್ಜಿ ಸಿಟ್ಟು ಬಂದಾಗ "ನಿನ್ನ ಕಾಳೇಪಾಣಿಗೆ ಕಳಸ್ಲಿ" ಅಂತ ಬೈತಿದ್ದಳು. ಅದೇ ಕರಿನೀರಿನ ಊರಿಗೆ ರೊಕ್ಕ ಕೊಟ್ಟು ಹೋಗಿದ್ದೆವು. ಹಿಂದಿನ ಕಾಲದಲ್ಲಿ ಮೇಲ್ಜಾತಿಯವರು ಕರಿನೀರು ದಾಟಿದರೆ ಜಾತಿ ಹೋಗತದ ಅಂತ ಅಂಜತಿದ್ದರಂತೆ. ಹಂಗ ಜಾತಿ ತೊಳೆಯೋ ನೀರು ಎಲ್ಲರೆ ಇದ್ದರೆ ನಮ್ಮ ಮಂದಿ ಎಲ್ಲರಿಗಿಂತ ಮೊದಲ ಈಜು ಕಲೀತಿದ್ದರು.

ಸೆಲ್ಯುಲರ್ ಜೈಲು ನೋಡಿದೆವು. 1906ರಲ್ಲಿ ಕಟ್ಟಿ ಮುಗಿಸಿದ್ದು. ಚಕ್ರದ ಅರದ ಕಡ್ಡಿ ಇದ್ದಂಗ ಏಳು ಸಾಲು ಇದ್ದವು, ಈಗ ಮೂರು ಉಳಿದಾವ. ಗೈಡು ಒಳಗಿದ್ದವರ ಹೆಸರು ಹೇಳುತ್ತಾ ಹೋದ. ಅವ್ವ ಗ್ವಾಡಿ ಮುಟ್ಟಿ, "ಇದನ್ನ ಕಟ್ಟಿದವರು ಯಾರು?" ಅಂತ ಕೇಳಿದಳು. ಕೈದಿಗಳೇ ಕಟ್ಟಿದ್ದು ಅಂದ. "ಅವರ ಹೆಸರು?" ಅಂದಳು. ಗೈಡು ಮುಂದಿನ ಸಾಲಿಗೆ ನಡೆದ.

ಮರುದಿನ ಹಡಗು ಇರಲಿಲ್ಲ. ಗಾಳಿ ಜೋರಾಗಿ ಸಮುದ್ರ ಎದ್ದಿತ್ತು. ರಿಸಾರ್ಟಿನ ಎರಡು ರಾತ್ರಿಯಲ್ಲಿ ಒಂದು ರಾತ್ರಿಯ ರೊಕ್ಕ ನೀರಿಗೆ ಹೋಯಿತು, ವಾಪಸ್ ಕೊಡಲಿಲ್ಲ. ಹೋಗುವವರು ನೆನಪಿಡ್ರಿ: ಮಾತು ಕೊಡುವ ಮೊದಲು ರದ್ದಾದರೆ ಏನು ಅಂತ ಬರಹದಲ್ಲಿ ಕೇಳಬೇಕು, ವಿಮಾನದ ಹಿಂದಿನ ದಿನವೇ ಪೇಟೆಗೆ ಬಂದು ಮಲಗಬೇಕು. ಕೈಯಲ್ಲಿ ನಗದು ಇರಲಿ. ಸೋಲಾಪುರದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದದ್ದಕ್ಕ ನಮ್ಮ ಎರಡು ರಾತ್ರಿಯ ಊಟ ಉಳೀತು.

ಹ್ಯಾವ್‌ಲಾಕ್ ಅಂತಿದ್ದ ದ್ವೀಪಕ್ಕೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು. ರಿಸಾರ್ಟು ತೆಂಗಿನ ತೋಟದ ನಡುವೆ ಇತ್ತು. ಅವ್ವ ಖೋಲಿಗೆ ಕಾಲಿಟ್ಟವಳೇ ಕಸಬರಿಗಿ ಹುಡುಕಿದಳು. ಹಾಸಿಗೆ ಮೇಲೆ ಕೂಡಲಿಲ್ಲ. "ಬಿಳಿ ಅರಬಿ ಹಾಸ್ಯಾರ, ಹೊಲಸಾದರ ಯಾರು ಒಗೀಬೇಕು" ಅಂದಳು.

ಈಗ ನಾನು ಹೇಳಬೇಕಾದ ಮಾತಿಗೆ ಬರತೀನಿ. ಇದನ್ನು ಹೇಳಲಿಕ್ಕೆ ನನಗೆ ಸ್ವಲ್ಪ ನಾಚಿಕೆ.

ಅಂಗಳದಲ್ಲಿ ಈಜುಕೊಳ ಇತ್ತು. ಹನ್ನೊಂದು ವರ್ಷದ ಮಗಳು ಹಾಕಿಕೊಂಡ ಫ್ರಾಕಿನಲ್ಲೇ ಧುಮುಕಿದಳು. ಅವ್ವ ದಂಡೆಯಲ್ಲಿ ಕೂತು ಸೀರಿ ಒಂಚೂರು ಮೇಲೆತ್ತಿ ಕಾಲು ನೀರಿಗೆ ಬಿಟ್ಟಳು. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಆಗ ಅಲ್ಲಿನ ಕೆಲಸದ ಹುಡುಗನೊಬ್ಬ, ಇಪ್ಪತ್ತೆರಡರವ ಇರಬಹುದು, ಓಡಿ ಬಂದು ಹಿಂದಿಯಲ್ಲಿ ಹೇಳಿದ: "ನೀರಿನಿಂದ ಕಾಲು ತೆಗೀರಿ. ಹುಡುಗೀನ ಹೊರಗ ಕರೀರಿ."

ನನ್ನ ಅವ್ವ ಚಟ್ಟನೆ ಎದ್ದಳು. ಮೊಮ್ಮಗಳ ರಟ್ಟಿ ಹಿಡಿದು ದರದರ ಹೊರಗೆಳೆದಳು. ಆ ಹುಡುಗನಿಗೆ ಎರಡೂ ಕೈ ಮುಗಿದು, "ತಪ್ಪಾತು ಯಪ್ಪಾ" ಅಂದಳು. ಅರವತ್ತೆಂಟು ವರ್ಷದಾಕಿ. ಅವ್ವ ಸಣ್ಣಾಕಿದ್ದಾಗ ಊರ ಬಾವಿಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಂತು, ಯಾರಾದರೂ ಕರುಣೆಯಿಂದ ಮೇಲಿನಿಂದ ಹೊಯ್ಯಲಿ ಅಂತ ಕಾಯಬೇಕಿತ್ತು. ಆ ಮಾತು, ಆ ದನಿ, ಆಕಿ ಮೈಯಾಗ ಇನ್ನೂ ಅದ. ಹಿಂದಿ ಆಕೆಗೆ ಪೂರಾ ತಿಳಿಯೂದಿಲ್ಲ, ಆದರೂ ಅರ್ಥ ಆಗಿಬಿಟ್ಟಿತ್ತು.

ನನ್ನ ತಲಿ ತಿರುಗಿತು. ಎದ್ದು ಚೀರಿದೆ. 20 ಮಾರ್ಚ್ 1927ರ ಮಹಾಡದ ಚವದಾರ ಕೆರೆ ಹೇಳಿದೆ, ಸಂವಿಧಾನದ 15(2)ನೇ ವಿಧಿ ಹೇಳಿದೆ. ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಎಲ್ಲ ಅದರಾಗ ಅದಾವ ಅಂತ ಬೆರಳು ಮಡಚಿ ಎಣಿಸಿದೆ. ಮ್ಯಾನೇಜರನ್ನ ಕರಿ ಅಂದೆ. ಮಂದಿ ಕೂಡಿತು. ಮ್ಯಾನೇಜರ್ ಬಂದವನೇ ಸುದ್ದಿ ಕೇಳದೆ, ಗಿರಾಕಿಯ ಎದುರಿಗೆ ಆ ಹುಡುಗನನ್ನು ಬಾಯಿಗೆ ಬಂದಂಗ ಬೈದ, ನಾಳೆಯಿಂದ ಬರಬ್ಯಾಡ ಅಂದ. ಆ ಹುಡುಗ ನನಗೆ ಎರಡೂ ಕೈ ಮುಗಿದ. ಐದು ನಿಮಿಷದ ಹಿಂದೆ ಅವ್ವ ಅವನಿಗೆ ಮುಗಿದಿದ್ದಳಲ್ಲ, ಥೇಟ್ ಹಂಗ.

ಆಮೇಲೆ ನನ್ನ ಮನಿಯವರು ಗೋಡೆಯ ಬೋರ್ಡು ತೋರಿಸಿದರು. ಹಿಂದಿಯಲ್ಲೂ ಇತ್ತು, ಇಂಗ್ಲಿಷಿನಲ್ಲೂ ಇತ್ತು. ಮೊದಲು ಮೈ ತೊಳಕೊಳ್ಳಬೇಕು, ಈಜುವ ಉಡುಪು ಬಿಟ್ಟು ಬೇರೆ ಬಟ್ಟೆಯಲ್ಲಿ ನೀರಿಗೆ ಇಳಿಯಬಾರದು. ಹತ್ತಿ ಅರಬಿಯ ಎಳೆ, ಬಣ್ಣ ಬಿಟ್ಟು ನೀರು ಸೋಸುವ ಯಂತ್ರ ಕಟ್ಟಿಕೊಳ್ಳುತ್ತದಂತೆ. ಹಿಂದಿನ ವಾರ ಧೋತರ ಉಟ್ಟು ಇಳಿದ ಒಬ್ಬ ದೊಡ್ಡ ವ್ಯಾಪಾರಸ್ಥನನ್ನೂ ಅದೇ ಹುಡುಗ ಹೊರಗೆ ಕರೆದಿದ್ದನಂತೆ. ಅವನು ನಮ್ಮ ಜಾತಿ ಕೇಳಿರಲಿಲ್ಲ. ನಾನೇ ಕೇಳಿಸಿಕೊಂಡಿದ್ದೆ.

ಹಂಗಂತ ನನ್ನ ಸಿಟ್ಟು ಪೂರಾ ತಪ್ಪು ಅಂತ ಇವತ್ತಿಗೂ ನಾನು ಅನ್ನೂದಿಲ್ಲ. ಸುಟ್ಟ ಕೈ ಬೆಂಕಿ ಕಂಡರ ಹಿಂದ ಸರೀತದ, ಅದಕ್ಕ ಯಾರೂ ಪಾಠ ಹೇಳಬ್ಯಾಡ್ರಿ. ಆದರೆ ಬೋರ್ಡು ಓದದೆ ಮ್ಯಾನೇಜರನ್ನು ಕರೆದದ್ದು ಬೇರೆ ಮಾತು. ರಾತ್ರಿ ಅವ್ವ ನನ್ನ ಕಡೆ ಮುಖ ಮಾಡದೆ, "ನಾ ಕೈ ಮುಗಿದದ್ದು ನನ್ನ ಹಣೇಬಾರ. ಆ ಹುಡುಗನ್ನ ಯಾಕ ಬೈಸಿದಿ? ಅವನ ಅವ್ವ ನೋಡಿದ್ದರ?" ಅಂದಳು.

ಮ್ಯಾನೇಜರನ ಹತ್ತಿರ ಹೋಗಿ ತಪ್ಪು ನನ್ನದು ಅಂತ ಬರೆದುಕೊಟ್ಟೆ. ಹುಡುಗನ ನೌಕರಿ ಉಳೀತು. ಅಡುಗೆಮನೆಯ ಹಿಂದೆ ಅವನು ಟವೆಲ್ಲು ಮಡಚುತ್ತಿದ್ದ. ಅಲ್ಲಿಗೆ ಹೋಗಿ ಕ್ಷಮೆ ಕೇಳಿದೆ. ಏನೂ ಅನ್ನಲಿಲ್ಲ. ನನ್ನ ಮೊಬೈಲು ಬೆಳಗಿದಾಗ ಪರದೆಯ ಮೇಲಿನ ಬಾಬಾಸಾಹೇಬರ ಫೋಟೋ ನೋಡಿ, "ನೀವು ಇವರ ಮಂದಿ ಏನು?" ಅಂದ. ಹೌದು ಅಂದೆ. ಅವನ ಅಜ್ಜ ಪೂರ್ವ ಬಂಗಾಳದ ಖುಲ್ನಾ ಕಡೆಯವ, ನಾಮಶೂದ್ರ. ದೇಶ ಒಡೆದ ಮೇಲೆ ನಿರಾಶ್ರಿತನಾಗಿ ಬಂದು, ಸರ್ಕಾರ ಈ ದ್ವೀಪದಲ್ಲಿ ಕಾಡು ಕಡಿಸಿ ಕೊಟ್ಟ ಭೂಮಿಯಲ್ಲಿ ಗುಡಿಸಲು ಹಾಕಿದವ.

ಮಿತ್ರರೆ, ಆಗ ನನ್ನ ಎದಿ ಝಲ್ ಅಂತು. ನಿಮ್ಮಲ್ಲಿ ಓದಿದವರಿಗೆ ಗೊತ್ತದ. 1946ರಲ್ಲಿ ಬಾಬಾಸಾಹೇಬರು ಸಂವಿಧಾನ ಸಭೆಗೆ ನಮ್ಮ ಮುಂಬೈ ಪ್ರಾಂತದಿಂದ ಹೋಗಲಿಲ್ಲ. ಅವರನ್ನು ಆರಿಸಿ ಕಳಿಸಿದ್ದು ಬಂಗಾಳ. ಅದಕ್ಕೆ ಬೆನ್ನೆಲುಬಾಗಿ ನಿಂತವರು ಜೋಗೇಂದ್ರನಾಥ ಮಂಡಲ್, ನಾಮಶೂದ್ರರ ನಾಯಕರು. ದೇಶ ಒಡೆದಾಗ ಬಾಬಾಸಾಹೇಬರು ಬಂಗಾಳದ ಆ ಸ್ಥಾನ ಕಳಕೊಂಡು, 1947ರಲ್ಲಿ ಮುಂಬೈಯಿಂದ ಮತ್ತೆ ಆರಿಸಿ ಬಂದರು. ಮಂಡಲರು ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು, ಅಲ್ಲಿ ಬಾಳಲಾಗದೆ 1950ರಲ್ಲಿ ರಾಜೀನಾಮೆ ಕೊಟ್ಟು ಈ ಕಡೆ ಬಂದರು. ಅವರ ಜನ ದಿಕ್ಕಾಪಾಲಾಯಿತು. ದಂಡಕಾರಣ್ಯಕ್ಕೆ ಕೆಲವರು, ಅಂಡಮಾನಕ್ಕೆ ಕೆಲವರು. ಬಾಬಾಸಾಹೇಬರನ್ನು ಸಂವಿಧಾನ ಸಭೆಗೆ ಕಳಿಸಿದ ಜನರ ಮೊಮ್ಮಗನಿಗೆ ನಾನು ಸಂವಿಧಾನದ ಹೆಸರು ಹೇಳಿ ಬೈಗುಳ ತಿನ್ನಿಸಿದ್ದೆ.

ಅವನು ಇನ್ನೊಂದು ಸಂಗತಿ ಹೇಳಿದ. ಅಂಡಮಾನಿನಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿಯೇ ಇಲ್ಲ. ಕಾಗದದ ಮೇಲೆ ಅಲ್ಲಿ ಒಬ್ಬ ದಲಿತನೂ ಇಲ್ಲ. ಹಳೆಯ ಕೈದಿಗಳು ಜಾತಿ ನೋಡದೆ ಮದುವೆಯಾಗಿ ಹುಟ್ಟಿದ ಸಮುದಾಯವೊಂದು ಅಲ್ಲಿ ಅದ, ಲೋಕಲ್ ಬಾರ್ನ್ ಅಂತಾರ, ಅದು ಖರೆ. "ಹಂಗಾದರ ಇಲ್ಲಿ ಜಾತಿ ಇಲ್ಲೇನು?" ಅಂತ ಆಸೆಯಿಂದ ಕೇಳಿದೆ. ನಕ್ಕ. "ಹಡಗಿನ್ಯಾಗ ಇಲ್ಲ, ಬಜಾರದಾಗ ಇಲ್ಲ. ಮದುವಿ ಮಾತು ಬಂದಾಗ ಎಲ್ಲಿಂದ ಬರತದೋ ಗೊತ್ತಿಲ್ಲ" ಅಂದ.

ಮರುದಿನ ನಸುಕಿನಲ್ಲಿ ಕಾಲಾಪತ್ಥರ್ ದಂಡೆಗೆ ಹೋಗ್ರಿ ಅಂತ ದಾರಿ ಹೇಳಿದವನೂ ಅವನೇ. ಅಲ್ಲಿ ಹೊತ್ತು ಬೇಗ ಹುಟ್ಟತದ, ಸಂಜೆ ಐದಕ್ಕೆಲ್ಲ ಮುಳುಗತದ. ಅವ್ವ ಸಮುದ್ರ ಕಂಡಿರಲಿಲ್ಲ ಅಂತಲ್ಲ. ಚೈತ್ಯಭೂಮಿ ಇರೂದು ಸಮುದ್ರದ ದಂಡೆಯಲ್ಲೇ. ಇಪ್ಪತ್ತು ವರ್ಷ ದಾದರಿಗೆ ಹೋದಾಕಿ, ತಾಸುಗಟ್ಟಲೆ ಪಾಳಿಯಲ್ಲಿ ನಿಂತು, ದರ್ಶನ ಮುಗಿಸಿ, ಪುಸ್ತಕ-ಫೋಟೋ ಕೊಂಡು ರೈಲು ಹಿಡೀತಿದ್ದಳು. ನೀರು ಮುಟ್ಟಿರಲಿಲ್ಲ.

ದಂಡೆಗೆ ಬಂದಾಗ ಅವ್ವ ದೂರ ನಿಂತು, "ಇಲ್ಲಿ ಬೋರ್ಡು ಅದೇನೋ ನೋಡು ಮೊದಲ" ಅಂದಳು. ಇತ್ತು. ಮಗಳು ಜೋರಾಗಿ ಓದಿದಳು: ಹವಳ, ಚಿಪ್ಪು ಒಯ್ಯಬಾರದು, ಕಸ ಚೆಲ್ಲಬಾರದು. ಸೀರಿಯ ಸುದ್ದಿ ಇರಲಿಲ್ಲ. ಅವ್ವ ಇಳಿದಳು. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು, ಆಮೇಲೆ ಕೂತೇಬಿಟ್ಟಳು, ಇಳಕಲ್ ಸೀರಿ ಉಬ್ಬಿಕೊಂಡು ಸುತ್ತಲೂ ತೇಲುತ್ತಿತ್ತು. ಮೊಮ್ಮಗಳು "ಆಯೀ, ಎದ್ದೇಳು" ಅಂದರೆ, "ನೀ ಹೋಗು, ನಾ ಬರತೀನಿ" ಅಂತ ಒಂದು ತಾಸು ಕೂತಳು. ಬೊಗಸೆಯಲ್ಲಿ ನೀರು ತಗೊಂಡು ನಾಲಿಗೆಗೆ ಹಚ್ಚಿ, "ಇಷ್ಟು ನೀರು, ಕುಡಿಯಾಕ ಬರೂದಿಲ್ಲ ನೋಡು" ಅಂದಳು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಿನವಳು, ಬೇರೆ ಏನು ಅನ್ನಬೇಕು?

ಇನ್ನೊಂದು ಮಾತು. ಜಾರವಾ ಆದಿವಾಸಿಗಳ ಕಾಡಿನ ನಡುವೆ ಒಂದು ರಸ್ತೆ ಅದ, ಪೊಲೀಸ್ ಕಾವಲಿನಲ್ಲಿ ಗಾಡಿಗಳು ಸಾಲಾಗಿ ಹೋಗತಾವ. ಫೋಟೋ ತೆಗೆಯೂದು, ಗಾಡಿ ನಿಲ್ಲಿಸೂದು ನಿಷೇಧ. ಆದರೂ ಏಜೆಂಟ್ ಒಬ್ಬ ಪಿಸುಗುಟ್ಟಿದ, "ನಸೀಬಿದ್ದರ ಅವರು ಕಾಣತಾರ" ಅಂತ. ನಾವು ಹೋಗಲಿಲ್ಲ. ನಮ್ಮ ಕೇರಿಗೆ ಬಂದು ಗಾಡಿ ಕಾಚಿನೊಳಗಿಂದ ನಮ್ಮನ್ನು ನೋಡಿ ಹೋಗುವವರನ್ನು ನಾವು ಕಂಡೀವಿ. ಹುಡುಗರು ಹೋದರೆ ನೀವೇ ವಿಚಾರ ಮಾಡ್ರಿ, ನನ್ನ ಒತ್ತಾಯ ಇಲ್ಲ.

ಬಂದ ಮೇಲೆ ಓಣಿಯಲ್ಲಿ ಮಾತು ಬಂತು. ಆ ರೊಕ್ಕದಾಗ ಮಾಳಗಿ ಹೊಸದು ಮಾಡಸಬಹುದಿತ್ತು ಅಂತ. ಖರೇನೇ. ಮಳೆಗಾಲದಲ್ಲಿ ಸೋರಿದಾಗ ನನಗೂ ಹಂಗೇ ಅನಿಸ್ತು. ಬಕೆಟ್ ಇಟ್ಟೀವಿ. ಅವ್ವ ಬಕೆಟ್ಟಿನ ಪಕ್ಕದಲ್ಲಿ ಕೂತು ಮೊಮ್ಮಗಳ ಸಂಗಡ ಸಮುದ್ರದ್ದೇ ಮಾತಾಡತಾಳ.

ಡಿಸೆಂಬರಕ್ಕ ದಾದರಿಗೆ ಹೋದಾಗ ದರ್ಶನ ಮುಗಿದ ಮೇಲೆ ಅವ್ವ ಕಾಣಲಿಲ್ಲ. ಗಾಬರಿಯಾಗಿ ಹುಡುಕಿದೆ. ಚಪ್ಪಲಿ ಕೈಯಲ್ಲಿ ಹಿಡಿದು, ಓಣಿಯ ನಾಲ್ಕು ಮುದುಕಿಯರನ್ನು ಕಟ್ಟಿಕೊಂಡು ನೀರಿನಲ್ಲಿ ನಿಂತಿದ್ದಳು.

ಎಲ್‌ಟಿಸಿ ಅರ್ಜಿ, ಹಡಗಿನ ವೇಳೆ, ಖರ್ಚಿನ ಲೆಕ್ಕ ಎಲ್ಲ ಒಂದು ಫೈಲಿನಲ್ಲಿ ಇಟ್ಟೀನಿ. ಸರ್ಕಾರಿ ನೌಕರಿಯಲ್ಲಿ ಇದ್ದವರು, ನಾಳೆ ಸೇರುವವರು, ಆಯಿತವಾರ ಮನಿಗೆ ಬರ್ರಿ. ಸಂಘದಿಂದ ತಿಂಗಳಿಗೆ ಇಷ್ಟು ಅಂತ ಚೀಟಿ ಹಾಕಿ, ಸರ್ಕಾರಿ ನೌಕರಿ ಇಲ್ಲದವರೂ ಕೂಡಿ ಹೋಗುವ ವಿಚಾರ ಅಧ್ಯಕ್ಷರ ತಲಿಯಾಗ ಅದ, ಅದನ್ನೂ ಮಾತಾಡೋಣು. ಅವ್ವ ಚಹಾ ಮಾಡತಾಳ. ಈಗ 8,000ದ ಸುದ್ದಿ ಕೇಳಿ ಮುಂದಿನ ಸಾಲಿನಿಂದ ನನ್ನ ಕಡೆ ಹ್ಯಾಂಗ ನೋಡಲಿಕ್ಕೆ ಹತ್ಯಾಳ ಅಂದರೆ, ನನಗೆ ಚಹಾ ಸಿಗತದೋ ಇಲ್ಲೋ. ನಿಮಗಂತೂ ಸಿಗತದ. ಜೈ ಭೀಮ್.