ಪಾಠವೂ ಪಾಟೀಸವಾಲೂ

ಜಮಖಂಡಿ ಸೀಮೆಯ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿ ಕೊಲ್ಲಾಪುರದಲ್ಲಿ ಕಾನೂನು ಓದಿ ಬಂದು ಜಮಖಂಡಿಯಲ್ಲಿ ವಕೀಲಿಕೆ ಮಾಡಿದರು. ಮುಂದೆ ಉಪರಾಷ್ಟ್ರಪತಿಯಾದರು.

ಜತ್ತಿಯವರು ಕಾನೂನು ಕಲಿತು ವಾದಿಸಿದರು, ಸರಿ; ಕಾನೂನು ಕಲಿಸುವವರೇ ಕರಿಕೋಟು ತೊಟ್ಟು ವಾದಿಸಬಹುದೇ? ಧಾರಾಳವಾಗಿ. ವಕೀಲರು ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಬೋಧಿಸಲು 1979ರ ನಿಯಮವೇ ಅವಕಾಶ ಕೊಟ್ಟಿದೆ. 1935ರಲ್ಲಿ ಮುಂಬಯಿಯ ಸರ್ಕಾರಿ ಲಾ ಕಾಲೇಜಿನ ಪ್ರಾಂಶುಪಾಲರಾದ ಅಂಬೇಡ್ಕರ್ ಕೂಡ ವಕೀಲರೇ.

ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಪಾಠದ ಜೊತೆ ಕ್ರಿಮಿನಲ್ ಕೇಸು ನಡೆಸುವವರಿಗೆ ಈಗ ಹೊಸ ಪೇಚು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕೊಲೆಯ 302ನೇ ಕಲಂ ಈಗ 103, ವಂಚನೆಯ 420 ಈಗ 318. ಆದರೆ ಅದಕ್ಕೂ ಮುಂಚಿನ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಗತಿ. ಬೆಳಿಗ್ಗೆ ತರಗತಿಯಲ್ಲಿ 103 ಬರೆಸಿದವರು ಮಧ್ಯಾಹ್ನ ಕೋರ್ಟಿನಲ್ಲಿ 302ರ ಕಡತ ಬಿಚ್ಚಬೇಕು. ಮಾಸ್ತರರ ನಾಲಿಗೆ ತೊಡರದಿದ್ದರೇ ಆಶ್ಚರ್ಯ!

ಹೀಗೆ ಪಾಠ, ಕೋರ್ಟು ಎರಡೂ ನಡೆಸುವುದರಲ್ಲಿ ಲಾಭವೂ ಇದೆ. ಪಂಚನಾಮೆಗೆ ಸಹಿ ಹಾಕಿದವನೇ ಸಾಕ್ಷಿಕಟ್ಟೆ ಹತ್ತಿ, “ನಂಗೇನೂ ಗೊತ್ತಿಲ್ರೀ, ಸ್ಟೇಷನ್ನಾಗ ಸಹಿ ಮಾಡಿಸ್ಕೊಂಡ್ರು” ಎಂದು ತಿರುಗಿಬಿದ್ದರೆ ಪ್ರತಿಕೂಲ ಸಾಕ್ಷಿ ಎಂದರೇನೆಂದು ಪುಸ್ತಕ ಹೇಳಬೇಕಿಲ್ಲ. ಕಾನೂನು ವಿದ್ಯಾರ್ಥಿಗಳು ಆಗಾಗ ತಮ್ಮ ತಾಲ್ಲೂಕು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಪಾಟೀಸವಾಲು ಕೇಳಲಿ, ಅದಕ್ಕೆ ಫೀಸಿಲ್ಲ.