ಸ್ತನದ ಗಂಟು ಮತ್ತು ಬೆಳಕಿನ ಪರೀಕ್ಷೆ



ಇರುಳಿನಲ್ಲಿ ಬ್ಯಾಟರಿ ದೀಪವನ್ನು ಅಂಗೈಗೆ ಒತ್ತಿ ಹಿಡಿದು ನೋಡಿರಿ. ಬೆರಳುಗಳ ಅಂಚು ಕೆಂಪಗೆ ಬೆಳಗುವುದು. ಬೆಳಕಿನಲ್ಲಿರುವ ಕೆಂಪು ಕಿರಣಗಳು ಮಾಂಸದ ಮೂಲಕ ಹಾದು ಬರುವುದೇ ಇದಕ್ಕೆ ಕಾರಣ. ಈ ಗುಣವನ್ನು ವೈದ್ಯರು ಸ್ತನ ಕ್ಯಾನ್ಸರಿನ ಪತ್ತೆಗೆ ಹೇಗೆ ಬಳಸಿದ್ದಾರೆಂಬುದನ್ನೂ, ಅದನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನೂ ಇಂದು ವಿಚಾರ ಮಾಡೋಣ.

1929ರಲ್ಲಿ ಅಮೆರಿಕದ ವೈದ್ಯ ಮ್ಯಾಕ್ಸ್ ಕಟ್ಲರ್ ಅವರು, ಕತ್ತಲೆಯ ಕೋಣೆಯಲ್ಲಿ ಸ್ತನಕ್ಕೆ ದೀಪ ಹಿಡಿದು ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದರು. ತಿಳಿನೀರು ತುಂಬಿದ ಗುಳ್ಳೆಯ ಮೂಲಕ ಬೆಳಕು ಸುಲಭವಾಗಿ ಹಾದುಬರುವುದು. ಗಟ್ಟಿಯಾದ ಗಂಟು ನೆರಳಾಗಿ ತೋರುವುದು. ಅಂದಿನ ದೀಪಗಳ ಶಾಖ ಇದಕ್ಕೆ ತೊಡಕಾಗಿತ್ತು. ಇಂದು ಕೈಯಲ್ಲಿ ಹಿಡಿಯಬಹುದಾದ, ಬ್ಯಾಟರಿಯಿಂದ ನಡೆಯುವ, ಶಾಖ ಕಡಿಮೆಯಿರುವ ಎಲ್‌ಇಡಿ ಉಪಕರಣಗಳು ಬಂದಿವೆ. ಕೆಲವು ಕೆಂಪು ಬೆಳಕನ್ನೂ, ಕೆಲವು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನೂ ಬಳಸುತ್ತವೆ. ಕ್ಯಾನ್ಸರ್ ಗಂಟು ತನ್ನ ಬೆಳವಣಿಗೆಗಾಗಿ ಹೊಸ ರಕ್ತನಾಳಗಳನ್ನು ಸೆಳೆದುಕೊಳ್ಳುತ್ತದೆ. ರಕ್ತವು ಈ ಕಿರಣಗಳನ್ನು ಹೀರಿಕೊಳ್ಳುವುದರಿಂದ ಆ ಭಾಗ ಕಪ್ಪಾಗಿ ಕಾಣಬಹುದು. ಈ ಪರೀಕ್ಷೆಯಲ್ಲಿ ನೋವಿಲ್ಲ, ಕ್ಷ-ಕಿರಣವೂ ಇಲ್ಲ.

ಆದರೆ ಒಂದು ಮಾತನ್ನು ಮರೆಯಬಾರದು. ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದ ಜಾಗವೂ ಕಪ್ಪಾಗಿಯೇ ತೋರುವುದು. ಬೆಳಕು ಮಾಂಸದೊಳಗೆ ಚದರಿಹೋಗುವುದರಿಂದ, ಚಿಕ್ಕದಾದ ಅಥವಾ ಆಳದಲ್ಲಿರುವ ಗಂಟು ಕಾಣದೆಯೇ ಉಳಿಯಬಹುದು. ಆದ್ದರಿಂದ ನೆರಳು ಕಂಡ ಮಾತ್ರಕ್ಕೆ ಕ್ಯಾನ್ಸರ್ ಎಂದು ಅಂಜಬೇಡಿರಿ. ನೆರಳು ಕಾಣದ ಮಾತ್ರಕ್ಕೆ ಕೈಗೆ ಸಿಕ್ಕ ಗಂಟನ್ನು ಕಡೆಗಣಿಸಬೇಡಿರಿ. ವೈದ್ಯರು ಕೈಯಿಂದ ಪರೀಕ್ಷಿಸಿ, ಮ್ಯಾಮೋಗ್ರಫಿ ಅಥವಾ ಸ್ಕ್ಯಾನಿಂಗ್ ಮಾಡಿಸಿ, ಅಗತ್ಯವಿದ್ದರೆ ಸೂಜಿಯಿಂದ ಗಂಟಿನ ತುಣುಕು ತೆಗೆದು ಪರೀಕ್ಷಿಸಿದ ಮೇಲೆಯೇ ರೋಗ ನಿಶ್ಚಯವಾಗುವುದು. ಉಪಕರಣವು ಸಹಾಯಕ ಮಾತ್ರ, ತೀರ್ಪುಗಾರನಲ್ಲ.

ಉಪಕರಣವಿಲ್ಲದ ಊರಿನವರು ನಿರಾಶರಾಗಬೇಕಿಲ್ಲ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರಿದ್ದರು. ಅವರಲ್ಲಿ ಒಂದು ಗುಂಪಿನವರ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ಗುಂಪಿನ 50 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇಕಡ 30ರಷ್ಟು ಕಡಿಮೆಯಾಗಿತ್ತು.

ಸೋದರಿಯರೇ, ಸ್ತನದಲ್ಲಾಗಲಿ ಕಂಕುಳಿನಲ್ಲಾಗಲಿ ಗಂಟು, ಚರ್ಮದಲ್ಲಿ ಕುಳಿ, ತೊಟ್ಟು ಹೊಸದಾಗಿ ಒಳಸೇರುವಿಕೆ, ತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ತಿಳಿಸಿರಿ. ನೋವಿಲ್ಲವೆಂದೋ, ಹಾಲು ಕಟ್ಟಿದೆಯೆಂದೋ ಸುಮ್ಮನಿರಬೇಡಿರಿ. ಇಂತಹ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದವರು ವೈದ್ಯರು. ಏನೂ ತೊಂದರೆ ಕಾಣದಿದ್ದರೂ, 30 ವರ್ಷ ತುಂಬಿದವರು ಆರೋಗ್ಯ ಕೇಂದ್ರದಲ್ಲಿ ಸ್ತನ ಪರೀಕ್ಷೆ ಮಾಡಿಸಿಕೊಳ್ಳಿರಿ.

ಸೋದರರೇ, ಮನೆಯಾಕೆ ಸಂಕೋಚದಿಂದ ಬಾಯಿಬಿಡದೆ ಇರಬಹುದು. ನೀವೇ ಕೇಳಿರಿ. ಸುಗ್ಗಿ ಮುಗಿಯಲಿ, ಮಗಳ ಮದುವೆ ಕಳೆಯಲಿ ಎಂದು ದಿನ ದೂಡಬೇಡಿರಿ. ಗಂಟು ಸುಗ್ಗಿಗಾಗಿ ಕಾಯುವುದಿಲ್ಲ. ಮೊದಲ ಹಂತದಲ್ಲಿಯೇ ಗುರುತಿಸಿದ ಸ್ತನ ಕ್ಯಾನ್ಸರನ್ನು ಬಹುಮಟ್ಟಿಗೆ ಗುಣಪಡಿಸಬಹುದು. ಪತ್ನಿಯೊಡನೆ ನೀವೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ; ವೈದ್ಯರು ದೊಡ್ಡಾಸ್ಪತ್ರೆಗೆ ಕಳುಹಿಸಿದರೆ ಅಲ್ಲಿಗೂ ಜೊತೆಗೆ ನಡೆಯಿರಿ.